ಅವ್ವ ತಿದ್ದಿಕೊಟ್ಟ ನಾಲ್ಕು ಹಾಳೆ

ಶಿಗ್ಗಾವಿಯ ಒಂದು ಸಣ್ಣ ಲ್ಯಾಬಿನಲ್ಲಿ ನಾನು ರಕ್ತ ತೆಗೆಯುವ ಕೆಲಸ ಮಾಡುತ್ತೇನೆ. ಸೂಜಿ ಚುಚ್ಚುವುದರಲ್ಲಿ ನನ್ನ ಕೈ ಹಗುರ ಎಂದು ಊರಲ್ಲಿ ಹೆಸರಿದೆ. ಅದಕ್ಕಿಂತ ಹೆಚ್ಚು ಹೆಸರಾಗಿರುವುದು ನನ್ನ ಬಾಯಿ. ಚುಚ್ಚುವ ಮೊದಲು ಒಮ್ಮೆ, ಚುಚ್ಚಿದ ಮೇಲೆ ಒಮ್ಮೆ, ಹತ್ತಿ ಒತ್ತುವಾಗ ಮತ್ತೊಮ್ಮೆ 'ತಪ್ಪಾಯ್ತ್ರಿ' ಅನ್ನುತ್ತೇನೆ. ವರದಿಯಲ್ಲಿ ಸಕ್ಕರೆ ಹೆಚ್ಚು ಬಂದಿದ್ದರೆ, ಅದನ್ನು ನಾನೇ ಮನೆಯಿಂದ ತಂದು ಅವರ ರಕ್ತಕ್ಕೆ ಬೆರೆಸಿದ್ದೇನೋ ಎಂಬಂತೆ ತಲೆ ತಗ್ಗಿಸಿ ಕಾಗದ ಕೊಡುತ್ತೇನೆ. ಒಮ್ಮೆ ಲ್ಯಾಬಿನ ಗಾಜಿನ ಬಾಗಿಲಿಗೆ ಹಣೆ ಬಡಿದುಕೊಂಡು ಬಾಗಿಲಿಗೂ ತಪ್ಪಾಯ್ತ್ರಿ ಅಂದಿದ್ದೆ. ಸರದಿಯಲ್ಲಿ ಕುಳಿತಿದ್ದವರೆಲ್ಲ ನಕ್ಕರು. ನಾನೂ ನಕ್ಕು, ಅವರನ್ನು ನಗಿಸಿದ್ದಕ್ಕೆ ಇನ್ನೊಂದು ತಪ್ಪಾಯ್ತ್ರಿ ಸೇರಿಸಿದೆ.

ಹಿರೇಬೆಂಡಿಗೇರಿಯಿಂದ ತಿಂಗಳಿಗೊಮ್ಮೆ ಸಕ್ಕರೆ ಪರೀಕ್ಷೆಗೆ ಬರುವ ಒಬ್ಬ ಅಜ್ಜ ಇದ್ದರು. ಒಂದು ದಿನ ಅವರು ತೋಳಿನ ಹತ್ತಿಯನ್ನು ಒತ್ತಿ ಹಿಡಿದುಕೊಂಡೇ ಕೇಳಿದರು: "ತಂಗಿ, ಚುಚ್ಚಿದ್ದು ಸೂಜಿ, ನೀ ಅಲ್ಲ. ಸಣ್ಣಾಕಿದ್ದಾಗ ಯಾರರ ನಿನ್ನ ಬಾಳ ಅಂಜಿಸಿ ಇಟ್ಟಿದ್ರೇನು?"

"ಇಲ್ಲರಿ ಅಜ್ಜಾರ. ನಮ್ಮವ್ವ ಬಾಳ ಚೊಲೊ ಅದಾಳ್ರಿ," ಅಂದೆ.

ಅಜ್ಜ ಅವ್ವನ ಸುದ್ದಿಯನ್ನೇ ಎತ್ತಿರಲಿಲ್ಲ. ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು, ರುಮಾಲು ಸರಿಮಾಡಿಕೊಂಡರು, ಹೊರಟುಹೋದರು. ನಾನು ಅವತ್ತು ಮೂರು ಜನರ ಬಾಟಲಿಗಳಿಗೆ ತಪ್ಪು ಚೀಟಿ ಅಂಟಿಸಿ, ಆಮೇಲೆ ಎಲ್ಲವನ್ನೂ ಕಿತ್ತು ಸರಿಮಾಡಿದೆ.

ಅವ್ವ ಸವಣೂರಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದಳು. ಊರಿಗೆಲ್ಲ ಅವಳು 'ಅಕ್ಕೋರು'. ಶಾಲೆಯಲ್ಲಿ ನಾನೂ ಅವಳನ್ನು ಅಕ್ಕೋರು ಎಂದೇ ಕರೆಯಬೇಕಿತ್ತು. ಮನೆಗೆ ಬಂದ ಮೇಲೂ ಅಕ್ಕೋರೇ ಉಳಿಯುತ್ತಿದ್ದಳು, ಅವ್ವ ಬರುತ್ತಿರಲಿಲ್ಲ. ಸಂತೆಗೆ ಹೋದರೆ ಹತ್ತು ಹೆಜ್ಜೆಗೆ ಒಬ್ಬರು ನಮಸ್ಕಾರ ಮಾಡುತ್ತಿದ್ದರು. ಅವ್ವ ನನ್ನ ತಲೆಯ ಮೇಲೆ ಕೈ ಇಟ್ಟು ನಗುತ್ತಿದ್ದಳು. ಅವರು ದಾಟಿ ಹೋದ ಕೂಡಲೇ ಕೈ ತೆಗೆಯುತ್ತಿದ್ದಳು. ಹಾಗಾಗಿ ನನಗೆ ಸಂತೆ ಎಂದರೆ ಬಹಳ ಇಷ್ಟ. ಜನ ಹೆಚ್ಚಿದ್ದಷ್ಟೂ ಅವ್ವನ ಕೈ ತಲೆಯ ಮೇಲೆ ಹೆಚ್ಚು ಹೊತ್ತು ಇರುತ್ತಿತ್ತು. ಪರಿಚಯದವರು ಯಾರಾದರೂ ಬರುತ್ತಾರೇನೋ ಎಂದು ನಾನು ಮುಂದೆ ಮುಂದೆ ಕಣ್ಣು ಹಾಯಿಸುತ್ತಾ ನಡೆಯುತ್ತಿದ್ದೆ.

ನಾಲ್ಕನೇ ಇಯತ್ತೆಯಲ್ಲಿ ಅವ್ವನೇ ನಮ್ಮ ತರಗತಿಯ ಶಿಕ್ಷಕಿ. 'ನನ್ನ ಮೆಚ್ಚಿನ ವ್ಯಕ್ತಿ' ಎಂದು ಪ್ರಬಂಧ ಬರೆಯಲು ಹೇಳಿದಳು. ನಾನು ಶಾಲೆಯಲ್ಲಿ ಗಂಟೆ ಬಾರಿಸುತ್ತಿದ್ದ ಆಯಾಳ ಬಗ್ಗೆ ಬರೆದೆ. ಆಕೆ ನನ್ನ ಜಡೆ ಬಿಚ್ಚಿಹೋದಾಗ ಕಟ್ಟಿಕೊಡುತ್ತಿದ್ದಳು, ಅಷ್ಟೇ ಕಾರಣ. ಅವ್ವ ಎಲ್ಲರ ಪ್ರಬಂಧವನ್ನೂ ತರಗತಿಯಲ್ಲಿ ಓದಿದಳು. ನನ್ನದನ್ನೂ ಓದಿದಳು. ಅವತ್ತು ಸಂಜೆಯಿಂದ ಒಂಬತ್ತು ದಿನ ನನ್ನ ಜೊತೆ ಮಾತು ಬಿಟ್ಟಳು. ನಾನು ಎದುರಿಗೇ ಕುಳಿತಿದ್ದರೂ, "ಅಕಿಗೆ ಹೇಳ್ರಿ, ಊಟಕ್ಕ ಬಾ ಅಂತ," ಎಂದು ಅಪ್ಪನಿಗೆ ಹೇಳುತ್ತಿದ್ದಳು. ಅಪ್ಪ ನನ್ನ ಕಡೆ ತಿರುಗಿ, "ಊಟಕ್ಕ ಬಾ ಅಂತ," ಎಂದು ಹೇಳುತ್ತಿದ್ದರು. ಹತ್ತನೇ ದಿನ ನಾನು ಪ್ರಬಂಧವನ್ನು ಹೊಸದಾಗಿ ಬರೆದೆ. ಮೆಚ್ಚಿನ ವ್ಯಕ್ತಿ ಯಾರೆಂದು ಬೇರೆ ಹೇಳಬೇಕಿಲ್ಲ. ಹತ್ತಕ್ಕೆ ಹತ್ತು ಅಂಕ ಬಂತು, ಊಟಕ್ಕೆ ನೇರ ಕರೆಯೂ ಬಂತು.

ಆರನೇ ಇಯತ್ತೆಯಲ್ಲಿ ನನಗೆ ಟೈಫಾಯ್ಡ್ ಆಯಿತು. ದವಾಖಾನೆಯಲ್ಲಿ ಮಲಗಿಸಿದರು. ಎರಡನೇ ದಿನ ಅವ್ವನಿಗೆ ತಲೆ ತಿರುಗಿ ಬಂತು. ಪಕ್ಕದ ಮಂಚ ಖಾಲಿ ಇತ್ತು. ಅವಳಿಗೂ ಒಂದು ಸಲೈನ್ ಏರಿಸಿದರು. ಆಮೇಲೆ ನೋಡಲು ಬಂದವರೆಲ್ಲ ಮೋಸಂಬಿ, ಎಳನೀರು ಹಿಡಿದುಕೊಂಡು ಆ ಮಂಚದ ಸುತ್ತ ನಿಂತರು. "ಮಗಳ ಸಲುವಾಗಿ ಜೀವಾನ ತೇಯಾಕತ್ತಾರ ನೋಡ್ರಿ ಅಕ್ಕೋರು," ಎಂದು ಒಬ್ಬರು ಕಣ್ಣೊರೆಸಿಕೊಂಡರು. ಹೋಗುವಾಗ ನನ್ನ ಕಡೆ ತಿರುಗಿ, "ನಿಮ್ಮವ್ವನ್ನ ಚೊಲೊತ್ನಾಗಿ ನೋಡ್ಕೊಬೇಕು ಮತ್ತ," ಎಂದು ಬುದ್ಧಿ ಹೇಳಿದರು. ನಾನು ಎದ್ದು ಕುಳಿತು ಅವ್ವನಿಗೆ ಮೋಸಂಬಿ ಸುಲಿದು ಕೊಟ್ಟೆ. ಒಳ್ಳೆಯ ನರ್ಸ್ ಆಗುವ ಲಕ್ಷಣ ನನ್ನಲ್ಲಿ ಆಗಲೇ ಇತ್ತು. ನೂರಾ ಮೂರು ಡಿಗ್ರಿ ಜ್ವರ ಮಾತ್ರ ಸ್ವಲ್ಪ ಅಡ್ಡಿ ಮಾಡುತ್ತಿತ್ತು.

ಅಪ್ಪ ಯಲವಿಗಿಯ ಒಂದು ಶಾಲೆಯಲ್ಲಿ ಗುಮಾಸ್ತರಾಗಿದ್ದರು. ಶಾಲೆ ಐದು ಗಂಟೆಗೆ ಬಿಟ್ಟರೂ ಅವರು ಮನೆ ಮುಟ್ಟುತ್ತಿದ್ದುದು ಎಂಟಕ್ಕೆ. ಕೆಲಸ ಬಹಳ ಎಂದು ನಾವು ತಿಳಿದಿದ್ದೆವು. ಅವರು ತೀರಿಕೊಂಡ ಮೇಲೆ, ಮಾತನಾಡಿಸಲು ಬಂದ ಯಲವಿಗಿಯವರೊಬ್ಬರು, ಅಪ್ಪ ದಿನಾ ಸಂಜೆ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು ಹೋಗಿಬರುವ ಗಾಡಿಗಳನ್ನು ನೋಡುತ್ತಿದ್ದರು ಎಂದು ಹೇಳಿದರು. ಯಾರನ್ನೂ ಕರೆತರಲು ಅಲ್ಲ, ಎಲ್ಲಿಗೂ ಹೋಗಲೂ ಅಲ್ಲ. ನನಗೆ ಅವರು ಕೊಟ್ಟ ಉಪದೇಶ ಒಂದೇ: "ಹೂಂ ಅಂದುಬಿಡು." ನಾನು ಅದನ್ನು ಚಾಚೂ ತಪ್ಪದೆ ಪಾಲಿಸಿದೆ. ನಲವತ್ತೆರಡು ವರ್ಷ ಹೂಂ ಅಂದೆ. ಬೆಂಚು ಮಾತ್ರ ನನಗೆ ಸಿಗಲಿಲ್ಲ.

ಇಷ್ಟೆಲ್ಲ ಇದ್ದರೂ, ನನಗೇನೋ ಆಗಿದೆ ಎಂದು ನನಗೆ ಅನ್ನಿಸಿದ್ದು ಅವ್ವನಿಂದಲ್ಲ. ನನ್ನ ಮಗಳಿಂದ.

ಮಗಳು ಎಂಟನೇ ಇಯತ್ತೆ. ಖೋಖೋ ಆಡುತ್ತಾಳೆ. ಅವಳ ತಂಡ ತಾಲೂಕಿಗೆ ಮೊದಲನೆಯದಾಗಿ ಗೆದ್ದಿತು. ಮೈದಾನದ ಅಂಚಿನಲ್ಲಿ ಸ್ಥಳೀಯ ಪತ್ರಿಕೆಯ ಒಬ್ಬ ಹುಡುಗಿ ಮೊಬೈಲ್ ಹಿಡಿದು, "ನಿಮಗ ಹ್ಯಾಂಗ ಅನಸ್ತೈತ್ರಿ?" ಎಂದು ನಮ್ಮ ಕಡೆ ಬಂದಳು. ಕೇಳಿದ್ದು ಮಗಳನ್ನು. ಉತ್ತರ ಕೊಟ್ಟದ್ದು ನಾನು. ಮುಂಜಾನೆ ನಾಲ್ಕಕ್ಕೆ ಎದ್ದು ಅವಳನ್ನು ಎಬ್ಬಿಸಿದ್ದು, ಕಾಲಿಗೆ ಎಣ್ಣೆ ತಿಕ್ಕಿದ್ದು, ನೆನೆಸಿದ ಶೇಂಗಾ ತಿನ್ನಿಸಿದ್ದು, ನನಗೆ ಮೊಣಕಾಲು ನೋವಿದ್ದರೂ ಮೈದಾನದ ತನಕ ನಡೆದು ಬಂದದ್ದು, ಎಲ್ಲವನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ಸೆರಗಿನಿಂದ ಕಣ್ಣಂಚು ಒತ್ತಿಕೊಂಡೆ. ಒತ್ತಿಕೊಳ್ಳುವಾಗ ಮೊಬೈಲು ನನ್ನ ಕಡೆಯೇ ಇದೆಯೇ ಎಂದು ಬೆರಳ ಸಂದಿಯಿಂದ ನೋಡಿದೆ. ಹೌದು, ನೋಡಿದೆ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಮಗಳು ಪಕ್ಕದಲ್ಲೇ ನಿಂತಿದ್ದಳು. ಮೈಯೆಲ್ಲ ಧೂಳು, ಮೊಣಕೈ ತರಚಿತ್ತು. ಹುಡುಗಿ ಹೋದ ಮೇಲೆ ಮೆಲ್ಲಗೆ ಕೇಳಿದಳು: "ಯವ್ವಾ, ಓಡಿದಾಕಿ ನಾನು ಅಲ್ಲೇನು?"

ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿಯೂ ಅನುಮಾನ ಬಂದವಳಂತೆ ಕೇಳಿದಳು. ಆ ದನಿ ನನಗೆ ಪರಿಚಯದ್ದು. ಮೋಸಂಬಿ ಸುಲಿಯುತ್ತಾ ಕುಳಿತ ಹುಡುಗಿ, ಜ್ವರ ಬಂದಿರುವುದು ತನಗೋ ಅವ್ವನಿಗೋ ಎಂದು ಒಳಗೇ ಕೇಳಿಕೊಂಡದ್ದು ಅದೇ ದನಿಯಲ್ಲಿ.

ಮನೆಗೆ ಬಂದು ಅವಳ ಮೊಣಕೈ ತೊಳೆದು ಔಷಧಿ ಹಚ್ಚಿದೆ. "ತಪ್ಪಾತವ್ವ. ಓಡಿದಾಕಿ ನೀ. ನಾ ಸುಮ್ನ ನಡುವ ಬಂದ್ನಿ," ಅಂದೆ. ಜೀವಮಾನದಲ್ಲಿ ಸಾವಿರಾರು ತಪ್ಪಾಯ್ತು ಹೇಳಿದವಳು ನಾನು. ಸರಿಯಾದ ಜಾಗದಲ್ಲಿ ಹೇಳಿದ್ದು ಪ್ರಾಯಶಃ ಅದೇ ಮೊದಲು. ಮಗಳು, "ಆತು ಬಿಡು, ಹಸಿವಾಗೈತಿ," ಅಂದಳು.

ಆಮೇಲೆ ನಾನು ಮೊಬೈಲಿನಲ್ಲಿ ವಿಡಿಯೊ ನೋಡಲು ಶುರುಮಾಡಿದೆ. ತಮ್ಮನ್ನೇ ತಾವು ಮೋಹಿಸುವ ತಂದೆತಾಯಿಗಳ ಬಗ್ಗೆ ಹೇಳುವ ವಿಡಿಯೊಗಳು ಬೇಕಾದಷ್ಟಿವೆ. ಒಂದೊಂದು ಲಕ್ಷಣ ಹೇಳಿದಾಗಲೂ, ನಮ್ಮ ಮನೆಯ ಕಿಟಕಿಯಿಂದ ಇಣುಕಿ ನೋಡಿದ್ದಾರೋ ಎಂದು ಬೆವರಿದೆ. ಎರಡು ವಾರದಲ್ಲಿ ನಾನು ಪಂಡಿತೆಯಾದೆ. ಲ್ಯಾಬಿನ ಮಾಲೀಕರು, ಎದುರುಮನೆಯವರು, ನನ್ನ ಗಂಡ, ಗಂಡನ ಅಕ್ಕ, ಎಲ್ಲರಿಗೂ ಇದೇ ಕಾಯಿಲೆ ಎಂದು ಗೊತ್ತುಮಾಡಿದೆ. ಪಕ್ಕದ ಮನೆಯ ಹುಂಜಕ್ಕೂ ಇತ್ತು. ಕೊನೆಗೆ ಒಂದು ವಿಡಿಯೊದವರು ಹತ್ತು ಪ್ರಶ್ನೆ ಕೊಟ್ಟು, ನೀವೇ ಪರೀಕ್ಷೆ ಮಾಡಿಕೊಳ್ಳಿ ಎಂದರು. ಅವ್ವನ ಪರವಾಗಿ ಉತ್ತರಿಸಿದೆ, ಒಂಬತ್ತು ಬಂತು. ನನ್ನ ಪರವಾಗಿ ಉತ್ತರಿಸಿದೆ, ಐದು ಬಂತು. ಮೊಬೈಲು ಬೋರಲು ಹಾಕಿದೆ.

ಗಂಡ ಹೆಚ್ಚು ಮಾತಿನವರಲ್ಲ. ನನ್ನ ಮುಖ ನೋಡಿ, "ಹಾನಗಲ್ಲಿಗೆ ಮಂಗಳವಾರಕ್ಕೊಮ್ಮಿ ಒಬ್ರು ಮನಸಿನ ಸಮಾಲೋಚನಾ ಮಾಡೋ ಮೇಡಂ ಬರ್ತಾರಂತ. ಹೋಗಿ ಬಾ," ಅಂದರು.

"ಹುಚ್ಚು ಹಿಡದೈತಿ ಅಂತೀರೇನು ನನಗ?"

"ಹುಚ್ಚಲ್ಲ. ಆದ್ರ ಹುಂಜಕ್ಕೂ ಕಾಯಿಲೆ ಹಚ್ಚೀದಿ. ಹೋಗಿ ಬಾ."

ಶಿಗ್ಗಾವಿಯಲ್ಲಿ ಎಲ್ಲರೂ ನನ್ನ ಗುರುತಿನವರು, ಹಾನಗಲ್ಲಿನಲ್ಲಿ ಅರ್ಧ ಜನ ಮಾತ್ರ. ಆ ಅರ್ಧದಲ್ಲಿ ಒಬ್ಬರು ಮೊದಲ ಮಂಗಳವಾರವೇ ಹಾನಗಲ್ಲ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು, ಅವ್ವನ ಹಳೆಯ ಸಹೋದ್ಯೋಗಿ. "ಏನವಾ, ಇತ್ಲಾಗ?" ಎಂದು ಕೇಳಿದರು. ನಾನು ಗಾಬರಿಯಲ್ಲಿ, "ಹಲ್ಲು ತೋರಸಾಕ್ರಿ," ಅಂದೆ. ಅವರು ಅದನ್ನು ಅವ್ವನಿಗೆ ಮುಟ್ಟಿಸಿದರು. ಅವ್ವ ಫೋನ್ ಮಾಡಿ, "ನನ್ನ ಹಲ್ಲು ನೋಡು, ಎಪ್ಪತ್ತೊಂದಾದ್ರೂ ಒಂದೂ ಬಿದ್ದಿಲ್ಲ," ಎಂದು ಅರ್ಧ ಗಂಟೆ ಹೇಳಿದಳು. ಮುಂದೆ ಆರು ತಿಂಗಳು ವಾರವಾರ ನಾನು ಒಂದು ಹಲ್ಲಿನ ಸುಳ್ಳು ಪ್ರಗತಿಯನ್ನು ಊರಿಗೆ ವರದಿ ಮಾಡಬೇಕಾಯಿತು.

ಸಮಾಲೋಚಕಿ ನನಗಿಂತ ಹತ್ತು ವರ್ಷ ಚಿಕ್ಕವರು. ಮೊದಲ ಪ್ರಶ್ನೆ ಕೇಳಿದರು: "ನೀವು ಹೆಂಗದೀರಿ?"

"ಅವ್ವನ ಬಿಪಿ ಸ್ವಲ್ಪ ಹೆಚ್ಚೈತ್ರಿ," ಅಂದೆ.

"ನಾ ನಿಮ್ಮನ್ನ ಕೇಳಿದ್ದು."

ಅವರ ಕಣ್ಣಿನ ಕೆಳಗೆ ಕಪ್ಪಾಗಿತ್ತು. "ನೀವು ಊಟಾ ಮಾಡೀರೋ ಇಲ್ಲೋ?" ಎಂದು ಕೇಳಿದೆ. ಅವರು ಇಲ್ಲ ಅಂದರು. ಡಬ್ಬಿಯಲ್ಲಿದ್ದ ರೊಟ್ಟಿ, ಬದನೆಕಾಯಿ ಪಲ್ಯ ಅವರ ಮುಂದೆ ಇಟ್ಟೆ. ಗಂಟೆ ಮುಗಿಯುವಷ್ಟರಲ್ಲಿ, ಅವರಿಗೆ ಊರಿಂದೂರಿಗೆ ಓಡಾಡಿ ಎಷ್ಟು ದಣಿವಾಗಿದೆ ಎಂಬುದು ನನಗೆ ಪೂರ್ತಿ ಗೊತ್ತಾಗಿತ್ತು. ನನ್ನ ಬಗ್ಗೆ ಅವರಿಗೆ ಗೊತ್ತಾಗಿದ್ದು ಪಲ್ಯಕ್ಕೆ ಗುರೆಳ್ಳು ಪುಡಿ ಹಾಕುತ್ತೇನೆ ಎಂಬುದಷ್ಟೇ. ಎರಡನೇ ಮಂಗಳವಾರ ಅವರು ಬಾಗಿಲಲ್ಲೇ, "ಇವತ್ತ ಡಬ್ಬಿ ಹೊರಗ ಇಟ್ಟು ಬರ್ರಿ," ಅಂದರು.

ಅವರು ಕೊಟ್ಟ ಮೊದಲ ಅಭ್ಯಾಸ, ವಾರಕ್ಕೊಮ್ಮೆ ಯಾರಿಗಾದರೂ 'ಬ್ಯಾಡ' ಅನ್ನುವುದು. ದೊಡ್ಡದಕ್ಕೆ ಅಲ್ಲ, ಸಣ್ಣದಕ್ಕೆ. ನಾನು ನಮ್ಮ ಓಣಿಗೆ ಸೊಪ್ಪು ತರುವ ಮುದುಕಿಯನ್ನು ಆರಿಸಿಕೊಂಡೆ. ಮುಂಜಾನೆಯೇ ಕನ್ನಡಿ ಮುಂದೆ ನಿಂತು ಎರಡು ಸಲ ಅಂದು ನೋಡಿದೆ. ಅವಳು ಬಂದಳು. "ಮೆಂತೆ ಚೊಲೊ ಐತಿ, ರಾಜಗಿರಿ ಐತಿ, ತಗೊ," ಅಂದಳು.

"ಇವತ್ತ ಬ್ಯಾಡವಾ."

"ಆತು ಬಿಡು," ಎಂದು ಹೊರಟೇಹೋದಳು. ಮುಖ ಬಾಡಲಿಲ್ಲ, ಕಣ್ಣಲ್ಲಿ ನೀರು ಬರಲಿಲ್ಲ, ತಲೆ ತಿರುಗಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ಒಳಗೊಳಗೆ ಎಷ್ಟು ನೊಂದಿರಬೇಕು ಅನ್ನಿಸಿತು. ಚಪ್ಪಲಿ ಮೆಟ್ಟಿ ಮೂರು ಓಣಿ ಓಡಿ, ಅವಳ ಬುಟ್ಟಿಯಲ್ಲಿದ್ದದ್ದನ್ನೆಲ್ಲ ತೆಗೆದುಕೊಂಡೆ. "ಈಗ ಬ್ಯಾಡಂದಿದ್ದೆಲ್ಲ?" ಎಂದು ಅವಳು ಬಾಯಿ ತೆರೆದಳು. "ತಪ್ಪಾತವಾ," ಅಂದೆ. ನಾಲ್ಕು ದಿನ ಮನೆಯಲ್ಲಿ ಎರಡು ಹೊತ್ತೂ ಸೊಪ್ಪು. ಗಂಡ ಐದನೇ ದಿನ, "ಮುಂದಿನ ವಾರ ಕುಂಬಳಕಾಯಿ ಮಾರಾಕಿಗೆ ಮಾತ್ರ ಬ್ಯಾಡ ಅನಬ್ಯಾಡ," ಎಂದು ಬೇಡಿಕೊಂಡರು.

ಹೀಗೆ ಬಿದ್ದು ಎದ್ದು ಐದಾರು ತಿಂಗಳು ಕಳೆದವು. ಬ್ಯಾಡ ಅಂದು ಓಡದೆ ನಿಲ್ಲುವುದನ್ನು ಕಲಿತೆ. ಒಂದು ಮಂಗಳವಾರ ಸಮಾಲೋಚಕಿ, "ನಿಮ್ಮವ್ವಗ ಒಂದು ಪತ್ರ ಬರೀರಿ. ಮನಸಿನ್ಯಾಗ ಇರೋದೆಲ್ಲಾ ಬರೀರಿ. ಕೊಡೂದು ಬ್ಯಾಡ, ನಿಮ್ಮ ಹತ್ರನ ಇರ್ಲಿ," ಅಂದರು. ನಾನು ಕೊನೆಯ ವಾಕ್ಯವನ್ನು ಬಿಟ್ಟು ಉಳಿದದ್ದನ್ನು ಕೇಳಿಸಿಕೊಂಡೆ. ನಾಲ್ಕು ಹಾಳೆ ಬರೆದೆ. ಪ್ರಬಂಧದ ಒಂಬತ್ತು ದಿನ, ಟೈಫಾಯ್ಡು, ನನ್ನ ಎಸೆಸೆಲ್ಸಿ ಫಲಿತಾಂಶ ಬಂದಾಗ ಹಾರವನ್ನು ತಾನು ಹಾಕಿಸಿಕೊಂಡದ್ದು, ನನ್ನ ಮದುವೆಯಲ್ಲಿ ಅಕ್ಷತೆಯ ಹೊತ್ತಿಗೆ ಮೂರ್ಛೆ ಹೋದದ್ದು, ಎಲ್ಲವನ್ನೂ ಸಾಲಾಗಿ ಬರೆದೆ. ಭಾನುವಾರ ಮುಂಜಾನೆ ಸವಣೂರಿನ ಬಸ್ ಹತ್ತಿದೆ.

ಅವ್ವ ನಿವೃತ್ತಿಯಾದ ಮೇಲೆ ಮನೆಯಲ್ಲೇ ಓಣಿಯ ಹುಡುಗಿಯರಿಗೆ ಪಾಠ ಹೇಳುತ್ತಾಳೆ. ಆ ಮನೆ ಖಾಲಿ ಇರುವುದೇ ಇಲ್ಲ. ಅವತ್ತು ಪಾಠ ಹನ್ನೊಂದಕ್ಕೆ, ನಾನು ಹತ್ತಕ್ಕೇ ಮುಟ್ಟಿದ್ದೆ. ಬಾಯಿಂದ ಹೇಳುವ ಧೈರ್ಯ ಆಗದೆ ಹಾಳೆಗಳನ್ನು ಅವಳ ಕೈಗೆ ಕೊಟ್ಟು, "ಓದವ್ವ," ಅಂದೆ. ಅವ್ವ ಮೂಗಿನ ಮೇಲೆ ಚಾಳೀಸು ಏರಿಸಿಕೊಂಡಳು. ಮೇಜಿನ ಮೇಲಿದ್ದ ಕೆಂಪು ಪೆನ್ನು ತೆಗೆದುಕೊಂಡಳು.

ಅಭ್ಯಾಸದಿಂದ ಹಿಡಿದಿದ್ದಾಳೆ ಅಂದುಕೊಂಡೆ. ಅಲ್ಲ. ಮೊದಲ ಸಾಲಿನಲ್ಲೇ ಒಂದು ಗುಂಡಗಿನ ಸುತ್ತು ಬಿತ್ತು. 'ನನ್ನ ಭಾದೆ ನಿನಗೆ ಎಂದೂ ತಿಳಿಯಲಿಲ್ಲ' ಎಂದು ಬರೆದಿದ್ದೆ. ಅವ್ವ 'ಭಾದೆ'ಯನ್ನು ಹೊಡೆದು ಮೇಲೆ 'ಬಾಧೆ' ಎಂದು ಬರೆದಳು. 'ಕಷ್ಠ'ವನ್ನು 'ಕಷ್ಟ' ಮಾಡಿದಳು. 'ನೀನು ಒಂದು ದಿನವೂ ನನ್ನನ್ನು ಹತ್ತಿರ ಕೂರಿಸಿಕೊಳ್ಳಲಿಲ್ಲ' ಎಂಬಲ್ಲಿ ಅಂಚಿನಲ್ಲಿ 'ಉದಾಹರಣೆ ಕೊಡು' ಎಂದು ಬರೆದಳು. ನಾನು ಎದುರಿಗೆ ಕೈಕಟ್ಟಿ ನಿಂತಿದ್ದೆ. ಕುಳಿತುಕೊಳ್ಳಬಹುದಿತ್ತು, ಕುರ್ಚಿ ಇತ್ತು. ಆದರೂ ನಿಂತೇ ಇದ್ದೆ. ಎಷ್ಟು ಅಂಕ ಬೀಳಬಹುದು ಎಂದು ಲೆಕ್ಕ ಬೇರೆ ಹಾಕುತ್ತಿದ್ದೆ.

ಎರಡನೇ ಹಾಳೆಯ ನಡುವೆ ಟೈಫಾಯ್ಡಿನ ಮಾತಿತ್ತು. ಅಲ್ಲಿ ಪೆನ್ನು ನಿಂತಿತು. ಆಮೇಲೆ ಅವ್ವ ಹಾಳೆ ಮಗುಚಿದಳು. ಮನೆಗೆ ಬಂದ ಮೇಲೆ ನೋಡಿದೆ, ಆ ಭಾಗದಲ್ಲಿ ಎರಡು ಕಾಗುಣಿತದ ತಪ್ಪುಗಳಿದ್ದವು. ಅವೆರಡನ್ನೂ ಅವಳು ತಿದ್ದಿರಲಿಲ್ಲ. ಏಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳಿಯೂ ಇಲ್ಲ.

ನಾಲ್ಕನೇ ಹಾಳೆಯ ಕೆಳಗೆ 'ವಿಷಯ ನಿರೂಪಣೆ ಚೆನ್ನಾಗಿದೆ. ಅಕ್ಷರ ಸುಧಾರಿಸಬೇಕು' ಎಂದು ಬರೆದು ಸಹಿ ಮಾಡಿದಳು. ಚಾಳೀಸು ತೆಗೆದು ಕೇಳಿದಳು: "ಯಾರಿಗೆ ಬರದಿದ್ದು ಇದು? ಸ್ಪರ್ಧೆಕ್ಕೇನು?"

"ನಿನಗ."

"ನನಗ?" ಅವ್ವನ ಮುಖ ಬಿಗಿಯಿತು. "ಇದೆಲ್ಲಾ ನಾ ಯಾವಾಗ ಮಾಡೇನಿ? ನನಗ ಏನೂ ನೆನಪಿಲ್ಲ. ಇಂಥಾ ತಾಯಿ ಸಿಗಾಕ ಪುಣ್ಯಾ ಮಾಡಿರಬೇಕು ಅಂತ ಊರು ಅಂತೈತಿ. ನೀ ಒಬ್ಬಾಕಿ ನೋಡು, ನನ್ನ ಕರುಳು ಸುಡಾಕ ಹುಟ್ಟೀದಿ."

ಕಣ್ಣೀರು ಬಂತು. ಧಾರಾಳವಾಗಿ ಬಂತು. ನನ್ನ ನಾಲಿಗೆಯ ತುದಿಗೆ 'ತಪ್ಪಾತವ್ವ' ಬಂದು ನಿಂತಿತು. ಅಷ್ಟರಲ್ಲಿ ಪಾಠಕ್ಕೆ ಇಬ್ಬರು ಹುಡುಗಿಯರು ತಮ್ಮ ತಾಯಿಯ ಜೊತೆ ಒಳಗೆ ಬಂದರು. ನಲ್ಲಿ ತಿರುವಿದಂತೆ ಅವ್ವನ ಕಣ್ಣೀರು ನಿಂತಿತು. "ಬರ್ರಿ, ಕುಂದರ್ರಿ," ಎಂದು ನಕ್ಕು, ನನ್ನ ಹಾಳೆಗಳನ್ನು ಎತ್ತಿ ಹಿಡಿದಳು. "ನೋಡ್ರಿ, ನನ್ನ ಮಗಳು ಎಷ್ಟ್ ಚೆಂದ ಬರೀತಾಳ. ಎಲ್ಲಾ ನಾನಽ ಕಲಿಸಿದ್ದು."

ನಾನು ಹಾಳೆಗಳನ್ನು ಕಸಿದುಕೊಂಡೆ. ನನ್ನ ಬದುಕಿನಲ್ಲಿ ಅವ್ವನ ಕೈಯಿಂದ ಏನನ್ನಾದರೂ ಕಸಿದುಕೊಂಡದ್ದು ಅದೊಂದೇ ಸಲ. ಕಸಿದ ಮೇಲೆ ಆ ಹುಡುಗಿಯರ ತಾಯಿಗೆ, "ತಪ್ಪಾಯ್ತ್ರಿ," ಎಂದು ಹೇಳಿ ಹೊರಗೆ ಬಂದೆ. ಎಲ್ಲವನ್ನೂ ಒಂದೇ ದಿನ ಬಿಡಲಾಗುವುದಿಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಹಾಳೆ ಬಿಡಿಸಿದೆ. 'ಭಾದೆ'ಯ ಮೇಲೆ ಕೆಂಪಗೆ 'ಬಾಧೆ' ನೋಡಿದ ಕೂಡಲೇ ನಗು ಬಂತು. ತಡೆಯಲು ನೋಡಿದೆ, ಮತ್ತಷ್ಟು ಬಂತು. ಕಂಡಕ್ಟರ್, "ಏನ್ರಿ ಅಕ್ಕಾರ, ನಮಗೂ ಹೇಳ್ರಿ," ಅಂದ. "ನಮ್ಮವ್ವ ನನ್ನ ಬಾಧೆ ತಿದ್ದಿ ಕೊಟ್ಟಾಳ್ರಿ," ಅಂದೆ. ಅವನಿಗೆ ತಿಳಿಯಲಿಲ್ಲ. ನಗುತ್ತಾ ನಗುತ್ತಾ ಯಾವಾಗ ಅಳು ಶುರುವಾಯಿತೋ ನನಗೂ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ಏನೂ ಕೇಳದೆ ನನ್ನ ಚೀಲವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಶಿಗ್ಗಾವಿ ಬಂದಾಗ ಕೈಗೆ ಕೊಟ್ಟಳು.

ಮಂಗಳವಾರ ಸಮಾಲೋಚಕಿಗೆ ಹಾಳೆ ತೋರಿಸಿದೆ. ಕೊಡಬ್ಯಾಡ್ರಿ ಅಂದಿದ್ದೆನಲ್ಲ ಎಂದು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು 'ಉದಾಹರಣೆ ಕೊಡು' ಎಂಬಲ್ಲಿಗೆ ಬಂದಾಗ ತುಟಿ ಕಚ್ಚಿಕೊಂಡರು. ಆಮೇಲೆ ಕೇಳಿದರು: "ಅವರ ಕಡಿಂದ ನಿಮಗ ಏನ್ ಬೇಕಾಗಿತ್ತು?"

"ಒಂದ್ ಸಲ ತಪ್ಪಾತು ಅಂದಿದ್ರ ಸಾಕಿತ್ರಿ."

"ಆ ಶಬ್ದ ಅವರ ಬಾಯಾಗ ಇಲ್ಲ. ಮನ್ಯಾಗ ಎಲ್ಲಾರ ಪಾಲಿನ ತಪ್ಪಾಯ್ತು ನೀವಽ ಹೇಳಿ ಖಾಲಿ ಮಾಡೀರಿ. ಇನ್ನ ಎಷ್ಟ್ ವರ್ಷ ಕಾಯಾವ್ರದೀರಿ?"

ನಲವತ್ತೆರಡು ವರ್ಷ ಕಾದವಳಿಗೆ ಇನ್ನೊಂದು ಐದು ವರ್ಷ ದೊಡ್ಡದಲ್ಲ ಎಂದು ಮನಸ್ಸು ಹೇಳುತ್ತಿತ್ತು. ಆದರೆ ಅವತ್ತು ಹಾನಗಲ್ಲಿನಿಂದ ಬರುವಾಗ, ದಾರಿಯುದ್ದಕ್ಕೂ ಗೋವಿನಜೋಳದ ಹೊಲಗಳನ್ನು ನೋಡುತ್ತಾ, ಅವಳು ಹೇಳುವುದಿಲ್ಲ, ಎಂದೂ ಹೇಳುವುದಿಲ್ಲ ಎಂದು ನಾಲ್ಕಾರು ಸಲ ಅಂದುಕೊಂಡೆ. ದುಃಖವಾಗಬೇಕಿತ್ತು, ಆಯಿತು. ಅದರ ಜೊತೆಗೇ, ಬಹಳ ದಿನದಿಂದ ಹೊತ್ತ ಕೊಡವನ್ನು ಇಳಿಸಿದ ಹಾಗೂ ಆಯಿತು.

ಪರೀಕ್ಷೆ ಬೇಗನೇ ಬಂತು. ಹಿರೇಕೆರೂರಿನಲ್ಲಿ ನಿವೃತ್ತ ಶಿಕ್ಷಕರಿಗೆ ಸನ್ಮಾನ, ಅದರಲ್ಲಿ ಅವ್ವನೂ ಒಬ್ಬಳು. ಅವಳ ಫೋನ್ ಬಂತು. "ತಾಯಿ ಬಗ್ಗೆ ಮಗಳು ಹತ್ತ ಮಿನಿಟ್ ಮಾತಾಡ್ಬೇಕು ಅಂತ ಹೇಳೇನಿ. ನೀ ಏನೂ ವಿಚಾರ ಮಾಡಬ್ಯಾಡ, ನಾನಽ ಬರದು ಕೊಡ್ತೇನಿ."

ನನ್ನ ಬಗ್ಗೆ ಗೊತ್ತಿರುವವರು ನಾನು ಏನು ಅಂದೆ ಎಂದು ಊಹಿಸಬಹುದು. ಆದರೆ ನಾನು ಹಾಗೆ ಅನ್ನಲಿಲ್ಲ. "ಬರ್ತೇನಿ ಅವ್ವ, ಮುಂದ ಕುಂದರ್ತೇನಿ. ಮಾತಾಡೂದಿಲ್ಲ," ಅಂದೆ. ಫೋನ್ ಕಟ್ಟಾಯಿತು. ಒಂದು ತಾಸಿನಲ್ಲಿ ಅವಳ ಪಕ್ಕದ ಮನೆಯವರು ಕರೆ ಮಾಡಿ, ಅಕ್ಕೋರಿಗೆ ಎದೆ ನೋವು ಅಂದರು.

ಗಂಡನ ಬೈಕಿನಲ್ಲಿ ಸವಣೂರಿಗೆ ಓಡಿದೆವು. ಡಾಕ್ಟರು ಇಸಿಜಿ ಮಾಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಎಲ್ಲವೂ ಸರಿ ಇತ್ತು. ವರದಿ ಓದುವ ವಿದ್ಯೆ ನನಗೆ ಅವತ್ತು ಉಪಯೋಗಕ್ಕೆ ಬಂದಷ್ಟು ಎಂದೂ ಬಂದಿರಲಿಲ್ಲ, ಮೂರು ಸಲ ಓದಿದೆ. ಅವ್ವ ಮಂಚದ ಮೇಲೆ ಕಣ್ಣು ಮುಚ್ಚಿಕೊಂಡೇ, "ನೀ ಮಾತಾಡ್ತೇನಿ ಅಂದ್ರ ನನಗ ಆರಾಮ ಆಕ್ಕೈತಿ," ಅಂದಳು.

"ನೀ ಆರಾಮ ಅದೀ ಅಂತ ಡಾಕ್ಟರ್ ಹೇಳ್ಯಾರವ್ವ. ನಾ ಮಾತಾಡೂದಿಲ್ಲ."

ವೀರಾವೇಶದ ಮಾತು ಇಷ್ಟೇ. ಹೇಳುವಾಗ ಸಲೈನಿನ ಕಂಬ ಹಿಡಿದುಕೊಂಡಿದ್ದೆ. ಹೇಳಿದ ಮೇಲೆ ಕಂಬದ ಸಮೇತ ಬೀಳುವವಳಿದ್ದೆ. ಗಂಡ ಕಂಬವನ್ನು ಒಂದು ಕೈಲಿ, ನನ್ನನ್ನು ಒಂದು ಕೈಲಿ ಹಿಡಿದರು. ಅವ್ವ ಒಂದು ಕಣ್ಣು ತೆರೆದು ನೋಡಿದಳು.

ಹಿರೇಕೆರೂರಿನ ಸಭೆಗೆ ನಾನೂ ಮಗಳೂ ಹೋದೆವು. ಮೊದಲ ಸಾಲಿನಲ್ಲೇ ಕುಳಿತೆವು. ಅವ್ವ ರೇಷ್ಮೆ ಸೀರೆಯಲ್ಲಿ ಎದ್ದು ನಿಂತು ಮೈಕು ಹಿಡಿದಳು. "ನನ್ನ ಮಗಳಿಗೆ ವೇದಿಕೆ ಅಂದ್ರ ಅಂಜಿಕಿ. ಪಾಪ, ಮಾತಾಡಾಕ ಆಗಲಿಲ್ಲ. ಅದಕ್ಕ ಅಕಿ ಪರವಾಗಿ ನಾನಽ ನಾಲ್ಕು ಮಾತು ಹೇಳ್ತೇನಿ," ಎಂದು ಶುರುಮಾಡಿ, ನನ್ನ ಪರವಾಗಿ ತನ್ನನ್ನು ತಾನು ಹದಿನೈದು ನಿಮಿಷ ಹೊಗಳಿದಳು. ಮಗಳು ನನ್ನ ಮೊಣಕೈ ಹಿಂಡಿದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ನೋಡಿದ್ದರೆ ಸಭೆಯಿಂದ ಎದ್ದು ಹೋಗಬೇಕಾಗುತ್ತಿತ್ತು. ಆದರೆ ಮಾತು ಚೆನ್ನಾಗಿತ್ತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಎಂಬುದು ಅವಳಿಗೆ ಗೊತ್ತು. ನಾನು ಮನಸ್ಸಿನಿಂದಲೇ ಚಪ್ಪಾಳೆ ತಟ್ಟಿದೆ.

ಉಪ್ಪಿಟ್ಟಿನ ಸರದಿಯಲ್ಲಿ ನನ್ನ ವಯಸ್ಸಿನ ಒಬ್ಬ ಹೆಂಗಸು ಹತ್ತಿರ ಬಂದಳು. ತಿಳವಳ್ಳಿಯಿಂದ ಬಂದಿದ್ದಳು, ಸವಣೂರಿನಲ್ಲಿ ಅವ್ವನ ಕೈಕೆಳಗೆ ಕಲಿತವಳು. "ನಮ್ಮಪ್ಪ ನನ್ನ ಸಾಲಿ ಬಿಡಿಸಿದ್ದ್ರಿ. ಅಕ್ಕೋರು ನಮ್ಮ ಕೇರಿಗೆ ಮೂರು ಸಲ ಬಂದು, ನಮ್ಮ ಮನ್ಯಾಗ ಕುಂತು, ನೀರು ಕುಡದು, ಜಗಳಾ ಮಾಡಿ ಕರಕೊಂಡು ಹೋದ್ರು. ಈಗ ನಾನೂ ಸಾಲಿ ಕಲಸ್ತೇನಿ. ನೀವು ಪುಣ್ಯವಂತ್ರಿ," ಎಂದು ನನ್ನ ಕೈ ಹಿಡಿದಳು. ಅವಳ ಕಣ್ಣು ತುಂಬಿತ್ತು. ಸುಳ್ಳು ಹೇಳುತ್ತಿರಲಿಲ್ಲ.

ನನಗೆ ಹೊಟ್ಟೆಕಿಚ್ಚಾಯಿತು. ಅಕ್ಕೋರು ಅವಳ ಮನೆಗೆ ಮೂರು ಸಲ ಹೋಗಿದ್ದರು, ನಮ್ಮ ಮನೆಗೆ ಒಂದು ಸಲ ಬಂದಿದ್ದರೆ ಸಾಕಾಗಿತ್ತು ಅನ್ನಿಸಿತು. ಉಪ್ಪಿಟ್ಟು ಆರಿಹೋಗುವ ತನಕ ಯೋಚಿಸುತ್ತಾ ನಿಂತೆ. ಅವಳಿಗೆ ಸಿಕ್ಕ ಅಕ್ಕೋರು ನಿಜ. ನನಗೆ ಸಿಕ್ಕ ಅವ್ವನೂ ನಿಜ. ಇಷ್ಟು ದಿನ ಇವೆರಡರಲ್ಲಿ ಒಂದನ್ನು ಸುಳ್ಳು ಮಾಡಲು ಒದ್ದಾಡುತ್ತಿದ್ದೆ, ಹೆಚ್ಚಿನ ಸಲ ನನ್ನದನ್ನೇ. "ಹೌದ್ರಿ, ನಿಮಗ ಬಾಳ ಚೊಲೊ ಮಾಡ್ಯಾಳ," ಅಂದೆ. 'ನಿಮಗ' ಎಂಬುದನ್ನು ಅವಳು ಗಮನಿಸಲಿಲ್ಲ. ಗಮನಿಸುವ ಅಗತ್ಯವೂ ಇರಲಿಲ್ಲ.

ಈಗ ನಾನು ಎರಡು ಭಾನುವಾರಕ್ಕೊಮ್ಮೆ ಸವಣೂರಿಗೆ ಹೋಗುತ್ತೇನೆ. ಹತ್ತಕ್ಕೆ ಹೋಗಿ ಊಟ ಮುಗಿಸಿ ಒಂದೂವರೆಯ ಬಸ್ಸಿಗೆ ಹೊರಡುತ್ತೇನೆ. ಈ ಹೊತ್ತನ್ನು ತಾನೇ ಗೊತ್ತುಮಾಡಿದ್ದು ಎಂದು ಅವ್ವ ಓಣಿಯಲ್ಲಿ ಹೇಳಿದ್ದಾಳೆ. ಹೇಳಲಿ. ಕೆಲವು ಭಾನುವಾರ ಹಗುರಾಗಿ ಬರುತ್ತೇನೆ, ಕೆಲವು ಸಲ ಎರಡು ದಿನ ಯಾರ ಜೊತೆಗೂ ಮಾತು ಬೇಡ ಅನ್ನಿಸುತ್ತದೆ. ಗಂಡ ಆಗ ಚಹಾ ಮಾಡಿ ಪಕ್ಕದಲ್ಲಿಟ್ಟು ತಮ್ಮ ಪಾಡಿಗೆ ಹೋಗುತ್ತಾರೆ.

ಹೋದ ಭಾನುವಾರ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಅವ್ವ ಹೋಳಿಗೆ ಮಾಡಿದ್ದಳು. ಅವಳ ಹೋಳಿಗೆಗೆ ಇಡೀ ಓಣಿ ಸಾಲುಗಟ್ಟುತ್ತದೆ. ನನ್ನ ತಾಟಿನ ಮೇಲೆ ಒಂದನ್ನು ಹಿಡಿದಾಗ ನಾನು ಕೈ ಅಡ್ಡ ಮಾಡಿದೆ.

"ಬ್ಯಾಡವ್ವ. ನಂಗ ಹೋಳಿಗಿ ಸೇರಂಗಿಲ್ಲ."

ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ನಿಜ, ನನಗೆ ಹೋಳಿಗೆ ಸೇರುವುದಿಲ್ಲ. ಎಂದೂ ಸೇರಿಲ್ಲ. ಹಬ್ಬಕ್ಕೆ ಐದೈದು ತಿಂದು, ಹಿತ್ತಲಲ್ಲಿ ಹೋಗಿ ನೀರು ಕುಡಿದು ಬಂದವಳು ನಾನು.

"ಯಾವಾಗಿಂದ?" ಅವ್ವ ಕೇಳಿದಳು.

"ಮೊದಲಿಂದ."

ಅವ್ವನ ಕೈ ಹೋಳಿಗೆ ಹಿಡಿದುಕೊಂಡು ಗಾಳಿಯಲ್ಲೇ ನಿಂತಿತು. ಮಗಳು ತನ್ನ ತಾಟನ್ನು ಮುಂದೆ ಸರಿಸಿ, "ನಂಗ ಹಾಕಜ್ಜಿ, ನಂಗ ಸೇರ್ತೈತಿ," ಅಂದಳು. ಅವ್ವ ಅವಳಿಗೆ ಹಾಕಿ, ತುಪ್ಪ ಸುರಿದಳು. ಆಮೇಲೆ ನನ್ನ ಕಡೆ ನೋಡದೆಯೇ, "ಹಂಗಾರ ಅನ್ನಾ ಹಾಕ್ಕೊ. ಕಟ್ಟಿನ ಸಾರು ಐತಿ," ಅಂದಳು.

ನಾನು ಅನ್ನ ಹಾಕಿಕೊಂಡೆ. ಸಾರು ಸ್ವಲ್ಪ ಉಪ್ಪಾಗಿತ್ತು, ಆದರೂ ಎರಡು ಸಲ ಹಾಕಿಸಿಕೊಂಡು ಉಂಡೆ.